ದನಿಯಿಲ್ಲದ ಮೈಕು

2024ರ ಮೇ 11ರ ರಾತ್ರಿ, ಸ್ವೀಡನ್‌ನ ಮಾಲ್ಮೋ ನಗರ. ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ನೆಮೊ, ‘ದಿ ಕೋಡ್’ ಎಂಬ ಹಾಡಿಗೆ 591 ಅಂಕ ಗಳಿಸಿ ಯೂರೋವಿಷನ್ ಗೀತಸ್ಪರ್ಧೆ ಗೆದ್ದಿದ್ದರು. 1988ರಲ್ಲಿ ಸೆಲೀನ್ ಡಿಯಾನ್ ಗೆದ್ದ ಮೇಲೆ ಆ ದೇಶ ಕಂಡ ಮೊದಲ ಗೆಲುವು ಅದು. ತಲೆಗೆ ಮುಳ್ಳಿನ ಕಿರೀಟ, ಕೈಗೆ ಗಾಜಿನ ಮೈಕು. ಸಂಭ್ರಮ ಇನ್ನೂ ಏರುತ್ತಿರುವಾಗಲೇ, ವೇದಿಕೆಯ ಮೇಲೆಯೇ, ಮೈಕು ಮುರಿಯಿತು.

ಆಮೇಲೆ ಪತ್ರಕರ್ತರ ಮುಂದೆ ಕುಳಿತ ನೆಮೊ ಅದನ್ನು ತಮಾಷೆಗೆ ತಿರುಗಿಸಿದರು. ಟ್ರೋಫಿಯನ್ನು ಸರಿಮಾಡಬಹುದು, ಯೂರೋವಿಷನ್‌ಗೂ ಆಗಾಗ ಒಂದಿಷ್ಟು ರಿಪೇರಿ ಬೇಕೇನೋ ಎಂದರು. ಬದಲಿ ಟ್ರೋಫಿಯೂ ಸಿಕ್ಕಿತು. ಆದರೆ ಟಿ.ವಿ. ಮುಂದೆ ಕುಳಿತವರಿಗೆ ಒಂದು ಪ್ರಶ್ನೆ ಉಳಿದಿರಬೇಕು: ಖುಷಿಯಲ್ಲಿ ಮೈಮರೆತು ಕುಣಿಯುವವರ ಕೈಗೆ ಗಾಜು ಕೊಡಬೇಕೆಂದು ಹೊಳೆದದ್ದಾದರೂ ಯಾರಿಗೆ?

ಆ ಟ್ರೋಫಿಯನ್ನು ರೂಪಿಸಿದವರು ಸ್ವೀಡನ್ನಿನ ಗಾಜುಕಲಾವಿದ ಶೆಲ್ ಎಂಗ್‌ಮನ್; ಮಾಡಿದ್ದು ಕೋಸ್ಟಾ ಬೋಡಾ ಎಂಬ ಹಳೆಯ ಗಾಜಿನ ಕಾರ್ಖಾನೆ. 2008ರಲ್ಲಿ ಬೆಲ್‌ಗ್ರೇಡ್‌ನಲ್ಲಿ ರಷ್ಯಾದ ದಿಮಾ ಬಿಲಾನ್ ಗೆದ್ದಾಗ ಅದು ಮೊದಲ ಸಲ ವೇದಿಕೆಗೆ ಬಂತು. ಯೂರೋವಿಷನ್ ಆಗಲೇ ಐವತ್ತು ದಾಟಿತ್ತು. ಸ್ವಿಟ್ಜರ್ಲೆಂಡಿನ ಲುಗಾನೋದಲ್ಲಿ 1956ರಲ್ಲಿ ಏಳು ದೇಶಗಳು ತಲಾ ಎರಡೆರಡು ಹಾಡು ತಂದು ಶುರು ಮಾಡಿದ ಸ್ಪರ್ಧೆಗೆ ಅಷ್ಟು ವರ್ಷವೂ ತನ್ನದೇ ಎನ್ನುವಂಥ ಒಂದು ಖಾಯಂ ಟ್ರೋಫಿ ಇರಲಿಲ್ಲ. ಸ್ಪರ್ಧೆ ಯಾವ ದೇಶದಲ್ಲೋ ಆ ದೇಶದವರು ತಮಗೆ ತೋಚಿದ್ದನ್ನು ಕೊಟ್ಟು ಕಳಿಸುತ್ತಿದ್ದರು.

ಖಾಯಂ ಟ್ರೋಫಿ ಎಂದಕೂಡಲೇ ತೊಡಕು ಶುರು. ಹತ್ತಾರು ದೇಶಗಳು, ಅಷ್ಟೇ ಭಾಷೆಗಳು. ಒಂದು ದೇಶದ ಹಕ್ಕಿ ಇನ್ನೊಂದಕ್ಕೆ ಸಲ್ಲದು. ಅಕ್ಷರ ಬರೆದರೆ ಯಾವ ಲಿಪಿ? ಸಾವಿರಾರು ಜನ ತುಂಬಿದ ಸಭಾಂಗಣದ ಕೊನೆಯ ಸಾಲಿಗೂ ಕಾಣಬೇಕು, ಕ್ಯಾಮೆರಾಕ್ಕೂ ದಕ್ಕಬೇಕು, ಹಾಡುತ್ತ ಒಂದೇ ಕೈಯಲ್ಲಿ ಎತ್ತುವಂತಿರಬೇಕು. ಮೈಕು ಇವೆಲ್ಲಕ್ಕೂ ಹೊಂದುತ್ತದೆ. ಅಲ್ಲದೆ ಈ ಸ್ಪರ್ಧೆ ನಡೆಸುವವರು ಯುರೋಪಿನ ರೇಡಿಯೊ, ಟಿ.ವಿ. ಸಂಸ್ಥೆಗಳ ಒಕ್ಕೂಟದವರು. ಅವರ ಪಾಲಿಗೆ ಮೈಕೆಂದರೆ ಅಡುಗೆಯವರ ಪಾಲಿನ ಸೌಟಿದ್ದಂತೆ.

ಎಂಗ್‌ಮನ್ ಆರಿಸಿದ್ದು 1950ರ ದಶಕದ ಮೈಕಿನ ಆಕಾರ: ದುಂಡು ತಲೆ, ಮುಖದ ತುಂಬ ಪಟ್ಟಿ ಪಟ್ಟಿ ಸೀಳು. ಇಂದು ಯೂರೋವಿಷನ್ ವೇದಿಕೆಯಲ್ಲಿ ಅಂಥದ್ದರಲ್ಲಿ ಯಾರೂ ಹಾಡುವುದಿಲ್ಲ. ಕೆಲವರದು ಕಿವಿಗೆ ಸಿಕ್ಕಿಸಿಕೊಂಡ ಕಡ್ಡಿಯಷ್ಟು ತೆಳ್ಳನೆಯ ಮೈಕು. ಆದರೂ ಚಿತ್ರದಲ್ಲಿ ‘ಮೈಕು’ ಎಂದು ಮಗುವೂ ಗುರುತಿಸುವುದು ಆ ಹಳೆಯದನ್ನೇ. ಮೊಬೈಲಿನಲ್ಲಿ ಕರೆ ಮಾಡಲು ಒತ್ತುವ ಗುರುತು ಇವತ್ತಿಗೂ ಮೇಜಿನ ಫೋನಿನ ರಿಸೀವರ್ ಆಗಿರುವಂತೆ. ಬಳಕೆ ತಪ್ಪಿದ ಉಪಕರಣಕ್ಕೇ ಗುರುತಿನ ಕಸುವು ಹೆಚ್ಚೆಂದು ಕಾಣುತ್ತದೆ.

ಅಮೆರಿಕದ ಗ್ರ್ಯಾಮಿ ಕೂಡ ಇದೇ ದಾರಿ ಹಿಡಿದದ್ದು. ಅದು ಹಳೆಯ ಗ್ರಾಮೊಫೋನು. ಕೊಲರಾಡೋದ ರಿಜ್‌ವೇ ಎಂಬ ಸಣ್ಣ ಊರಿನಲ್ಲಿ ಜಾನ್ ಬಿಲ್ಲಿಂಗ್ಸ್ ಮತ್ತು ಅವರ ಪುಟ್ಟ ತಂಡ ‘ಗ್ರ್ಯಾಮಿಯಂ’ ಎಂದು ತಾವೇ ಹೆಸರಿಟ್ಟ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು, ಕೈಯಲ್ಲೇ ತಿಕ್ಕಿ ತೀಡಿ ಅದನ್ನು ಮಾಡುತ್ತ ಬಂದಿದ್ದಾರೆ. ಬೆಂಗಳೂರಿನ ರಿಕ್ಕಿ ಕೇಜ್ 2015, 2022 ಮತ್ತು 2023ರಲ್ಲಿ ಗೆದ್ದದ್ದು ಈ ಗ್ರಾಮೊಫೋನನ್ನೇ. ಸಮಾರಂಭದಲ್ಲಿ ಕೈಗೆ ಕೊಡುವುದು ಬರಿಯ ಮಾದರಿ. ಹೆಸರು ಕೆತ್ತಿದ ಅಸಲಿ ಗ್ರ್ಯಾಮಿ ಆಮೇಲೆ ಬರುತ್ತದೆ. ಲೋಹವಾದರೆ ಮುರಿಯದೆಂದೂ ಇಲ್ಲ. 2010ರಲ್ಲಿ ಟೇಲರ್ ಸ್ವಿಫ್ಟ್ ನಾಲ್ಕು ಗ್ರ್ಯಾಮಿಗಳನ್ನು ಒಟ್ಟಿಗೆ ಅವಚಿಕೊಂಡು ನಿಂತಾಗ ಒಂದು ಜಾರಿಬಿದ್ದು ಮುರಿದಿತ್ತು.

ಹಾಗಾದರೆ ಎಂಗ್‌ಮನ್ ಗಾಜಿಗೇ ಯಾಕೆ ಹೋದರು ಎಂಬುದಕ್ಕೆ ಉತ್ತರ ಅವರು ಕೆಲಸ ಮಾಡುವ ಊರಿನಲ್ಲಿದೆ.

ಕೋಸ್ಟಾ ಇರುವುದು ದಕ್ಷಿಣ ಸ್ವೀಡನ್ನಿನ ಸ್ಮೋಲಾಂಡ್ ಸೀಮೆಯಲ್ಲಿ. ಕಾಡು, ಕೆರೆ, ಕಲ್ಲು ತುಂಬಿದ ಬಡ ನೆಲ. ಬೇಸಾಯ ಕೈಹಿಡಿಯದೆ ಹತ್ತೊಂಬತ್ತನೆಯ ಶತಮಾನದಲ್ಲಿ ಜನ ದಂಡುಗಟ್ಟಿ ಅಮೆರಿಕಕ್ಕೆ ಗುಳೆ ಹೋದ ಸೀಮೆ. ಸೌದೆಗೆ ಮಾತ್ರ ಬರವಿರಲಿಲ್ಲ. ಗಾಜಿನ ಕುಲುಮೆಗೆ ಬೇಕಾದದ್ದೂ ಅದೇ. 1742ರಲ್ಲಿ ಕೊಸ್ಕುಲ್ ಮತ್ತು ಸ್ಟಾಲ್ ಫಾನ್ ಹೋಲ್‌ಸ್ಟೈನ್ ಎಂಬ ಇಬ್ಬರು ಸೇನಾಧಿಕಾರಿಗಳು ಕಾಡಿನ ನಡುವೆ ಕಾರ್ಖಾನೆ ಹಾಕಿ, ತಮ್ಮಿಬ್ಬರ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಊರಿಗೆ ‘ಕೋಸ್ಟಾ’ ಎಂದು ಹೆಸರಿಟ್ಟರು. ಸುತ್ತಮುತ್ತ ಒಂದೊಂದಾಗಿ ಕುಲುಮೆಗಳೆದ್ದವು, 1864ರಲ್ಲಿ ಬೋಡಾ ಬಂತು. ಈ ಪ್ರದೇಶವನ್ನು ಸ್ವೀಡನ್ನಿನವರು ಇಂದಿಗೂ ‘ಗಾಜಿನ ರಾಜ್ಯ’ ಎನ್ನುತ್ತಾರೆ. ಈಗ ಹೆಚ್ಚಿನ ಕುಲುಮೆಗಳು ಆರಿಹೋಗಿವೆ. ರಾಜ್ಯ ಸಣ್ಣದಾದರೂ ಹೆಸರು ಹಾಗೇ ಉಳಿದಿದೆ.

ಗಾಜಿನ ಕುಲುಮೆ ಹಗಲಿರುಳು ಉರಿಯಬೇಕು. ಚಳಿಗಾಲದಲ್ಲಿ ಅದರ ಬೆಚ್ಚನೆಗೆ ಊರವರು, ದಾರಿಹೋಕರು, ನೆಲೆಯಿಲ್ಲದ ಅಲೆಮಾರಿಗಳು ಬಂದು ಸೇರುತ್ತಿದ್ದರು. ಕೆಲಸ ಮುಗಿದ ಮೇಲೆ ಅದೇ ಕಾವಿನಲ್ಲಿ ಉಪ್ಪುಹಾಕಿದ ಹೆರಿಂಗ್ ಮೀನು, ಆಲೂಗಡ್ಡೆ ಸುಡುತ್ತಿದ್ದರು. ಹಾಡು, ಕಥೆ ಜೊತೆಗಿರುತ್ತಿತ್ತು. (ಹೆರಿಂಗ್ ಎಂದರೆ ನಮ್ಮ ಕರಾವಳಿಯ ಬೂತಾಯಿಯ ದಾಯಾದಿ.) ‘ಹುಟ್‌ಸಿಲ್’ ಎಂಬ ಆ ಊಟವನ್ನು ಈಗ ಪ್ರವಾಸಿಗರಿಗೆ ಬಡಿಸುತ್ತಾರೆ. ಹಾಡಿಗೆ ಕೊಡುವ ಬಹುಮಾನ ಇಂಥ ಕುಲುಮೆಯ ನಾಡಿನಿಂದ ಬರುವುದು ಕಾಕತಾಳೀಯವೇ ಇರಬಹುದು, ಆದರೆ ಒಪ್ಪುವ ಕಾಕತಾಳೀಯ.

ಗಾಜಿನ ಕೆಲಸ ಒಬ್ಬರಿಂದ ಆಗುವುದಿಲ್ಲ. ಕಲಾವಿದ ಚಿತ್ರ ಬರೆದುಕೊಡುತ್ತಾನೆ. ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿದ ಕಾವಿನಲ್ಲಿ ಜೇನಿನ ಪಾಕದಂತೆ ತೊಯ್ದಾಡುವ ಗಾಜನ್ನು ಕಬ್ಬಿಣದ ಕೊಳವೆಯ ತುದಿಗೆ ಸುತ್ತಿಕೊಂಡು ಪಳಗಿಸುವುದು ಮೇಸ್ತ್ರಿ ಮತ್ತು ಅವನ ತಂಡ. ರೂಪ ಬಂದಮೇಲೂ ಆತುರ ಸಲ್ಲದು. ಹೊರಮೈ ಬೇಗ ತಣಿದು ಒಳಗೆ ಬಿಸಿ ಉಳಿದರೆ ಆ ಎಳೆದಾಟಕ್ಕೆ ಗಾಜು ತಾನಾಗಿ ಸೀಳುತ್ತದೆ. ಅದಕ್ಕೇ ಬೇರೊಂದು ಗೂಡಿನಲ್ಲಿಟ್ಟು ಹಂತಹಂತವಾಗಿ ಕಾವು ಇಳಿಸುತ್ತಾರೆ. ದಪ್ಪ ಹೆಚ್ಚಿದಷ್ಟೂ ಕಾಯುವಿಕೆ ಹೆಚ್ಚು.

ಯೂರೋವಿಷನ್ ಮೈಕಿನ ಚೆಲುವು ನಿಂತಿರುವುದು ಆಮೇಲಿನ ಕೆಲಸದ ಮೇಲೆ. ಒತ್ತಡದ ಗಾಳಿಯಲ್ಲಿ ಒರಟು ಪುಡಿಯನ್ನು ಗಾಜಿನ ಮೇಲೆ ರಾಚಿದರೆ ತಾಗಿದಲ್ಲೆಲ್ಲ ಮೈ ಮಂಜುಗಟ್ಟಿದಂತೆ ಮಸುಕಾಗುತ್ತದೆ. ಮುಚ್ಚಿಟ್ಟ ಜಾಗ ತಿಳಿಯಾಗೇ ಉಳಿಯುತ್ತದೆ. ಮರಳು ಕರಗಿ ಆದ ಗಾಜಿಗೆ ಮರಳಿನಂಥದ್ದರಿಂದಲೇ ಏಟು. ಮಸುಕು, ತಿಳಿ ಎರಡೂ ಇರುವುದರಿಂದ ವೇದಿಕೆಯ ದೀಪ ಯಾವ ಬಣ್ಣಕ್ಕೆ ತಿರುಗಿದರೆ ಟ್ರೋಫಿಯೂ ಆ ಬಣ್ಣಕ್ಕೆ ತಿರುಗುತ್ತದೆ. ಚಿನ್ನದ ಬಣ್ಣದ ಲೋಹ ಎಲ್ಲ ಬೆಳಕಿನಲ್ಲೂ ತನ್ನದೇ ಬಣ್ಣ ಸಾರುತ್ತದೆ. ಯಾವ ದೇಶದ ಬಾವುಟದ ಪಕ್ಕ ನಿಂತರೂ ಸಲ್ಲಬೇಕಾದ ವಸ್ತುವಿಗೆ ಗಾಜೇ ಸರಿ ಎಂದು ಒಪ್ಪಬೇಕಾಗುತ್ತದೆ, ಮುರಿಯುವ ಭಯ ಇದ್ದರೂ.

ಇದರ ಚಿಕ್ಕ ಪ್ರತಿಗಳೂ ಇವೆ. ಅವು ಗೆದ್ದ ಹಾಡನ್ನು ಬರೆದವರಿಗೆ, ರಾಗ ಹಾಕಿದವರಿಗೆ. ಹೆಸರಿಗೆ ತಕ್ಕಂತೆ ಇದು ಹಾಡಿನ ಸ್ಪರ್ಧೆಯಾದ್ದರಿಂದ ಅವರಿಗೇ ದೊಡ್ಡದು ಸಿಗಬೇಕಿತ್ತೆಂದು ವಾದಿಸಬಹುದು. ಕ್ಯಾಮೆರಾ ಇರುವುದು ಹಾಡುವವರ ಮುಂದೆ, ಹಾಗಾಗಿ ವಾದ ನಿಲ್ಲುವುದಿಲ್ಲ.

ಕಪಾಟು ಸೇರಿದ ಮೇಲೆ ಟ್ರೋಫಿಗಳ ಕಥೆ ಸಾಮಾನ್ಯವಾಗಿ ಮುಗಿಯುತ್ತದೆ. 2022ರಲ್ಲಿ ಟ್ಯೂರಿನ್‌ನಲ್ಲಿ ಗೆದ್ದ ಉಕ್ರೇನಿನ ಕಲುಶ್ ಆರ್ಕೆಸ್ಟ್ರಾ ಅದನ್ನು ಕಪಾಟಿಗೇ ಸೇರಿಸಲಿಲ್ಲ. ಎರಡೇ ವಾರದಲ್ಲಿ ಹರಾಜಿಗಿಟ್ಟರು. ಒಂದು ಕ್ರಿಪ್ಟೊ ಕಂಪನಿ 9 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಹಣ ಹೋದದ್ದು ಉಕ್ರೇನಿನ ಸೇನೆಗೆ ಡ್ರೋನ್ ಖರೀದಿಸಲು. ಸ್ವೀಡನ್ನಿನ ಲೊರೀನ್ ಅವರ ಬಳಿ ಇಂಥ ಎರಡು ಟ್ರೋಫಿಗಳಿವೆ, 2012ರಲ್ಲಿ ಬಾಕುವಿನದು, 2023ರಲ್ಲಿ ಲಿವರ್‌ಪೂಲ್‌ನದು. ಎರಡೂ ಹೊರದೇಶ ಸುತ್ತಿ ತಾವು ಹುಟ್ಟಿದ ನಾಡಿಗೇ ಮರಳಿದಂತಾಯಿತು. ಮಾಲ್ಮೋದಲ್ಲಿ ನೆಮೊ ಕೈಯಲ್ಲಿ ಮುರಿದದ್ದಂತೂ ಕೋಸ್ಟಾದಿಂದ ಕೆಲವೇ ಗಂಟೆಗಳ ರಸ್ತೆ ದೂರದಲ್ಲಿ.

ಆ ಗೆಲುವಿಗೆ ಇನ್ನೊಂದು ಅಧ್ಯಾಯವಿತ್ತು. ಗಾಜಾ ಯುದ್ಧದ ಹಿನ್ನೆಲೆಯಲ್ಲೂ 2026ರ ಸ್ಪರ್ಧೆಯಲ್ಲಿ ಇಸ್ರೇಲ್ ಭಾಗವಹಿಸಬಹುದೆಂದು ಪ್ರಸಾರ ಸಂಸ್ಥೆಗಳ ಒಕ್ಕೂಟ ತೀರ್ಮಾನಿಸಿದಾಗ ಕೆಲವು ದೇಶಗಳು ಹಿಂದೆ ಸರಿದವು. 2025ರ ಡಿಸೆಂಬರ್‌ನಲ್ಲಿ ನೆಮೊ ಕೂಡ ತಮ್ಮ ಪ್ರತಿಭಟನೆಯನ್ನು ತಿಳಿಸಿದರು: ಗಾಜಿನ ಮೈಕನ್ನು ಒಕ್ಕೂಟದ ಕೇಂದ್ರ ಕಚೇರಿ ಇರುವ ಜಿನೀವಾಕ್ಕೆ ಮರಳಿಸುವುದಾಗಿ ಸಾರಿ, ಅದನ್ನು ಪೆಟ್ಟಿಗೆಯೊಳಗೆ ಇಟ್ಟರು.