ಆಗಾಗ ಏದುಸಿರು ಬಿಡುವ ಸರ್ವರ್

ಹೊರನಾಡಿನ ಕನ್ನಡ ಸಂಘಗಳು ಈಗ ಬಹುಪಾಲು ಕೆಲಸವನ್ನು ತಮ್ಮ ಜಾಲತಾಣದ ಮೂಲಕವೇ ನಡೆಸುತ್ತವೆ. ರಾಜ್ಯೋತ್ಸವದ ನೋಂದಣಿ, ಯಕ್ಷಗಾನದ ಟಿಕೆಟ್, ಮಕ್ಕಳ ಕನ್ನಡ ತರಗತಿಯ ಶುಲ್ಕ, ಹಳೆಯ ಸಂಚಿಕೆಗಳ ಪಿಡಿಎಫ್, ಇಪ್ಪತ್ತು ವರ್ಷಗಳ ಫೋಟೊ ಎಲ್ಲವೂ ಅಲ್ಲೇ. ಇದನ್ನೆಲ್ಲ ಹೊತ್ತಿರುವುದು ತಿಂಗಳಿಗೆ ಒಂದೆರಡು ಸಾವಿರ ರೂಪಾಯಿ ಬಾಡಿಗೆಯ ಪುಟ್ಟದೊಂದು ವಿಪಿಎಸ್, ಅಂದರೆ ವರ್ಚುವಲ್ ಪ್ರೈವೇಟ್ ಸರ್ವರ್. ಅದನ್ನು ನೋಡಿಕೊಳ್ಳುವವರು ಆಫೀಸು ಮುಗಿಸಿ ಬಂದು ಬಿಡುವಿನಲ್ಲಿ ಕೂರುವ ಒಬ್ಬಿಬ್ಬರು ಸ್ವಯಂಸೇವಕರು.

ಇಂಥ ಸರ್ವರ್ ಒಮ್ಮೆಗೇ ನಿಂತುಹೋದರೆ ಅಷ್ಟೇನೂ ಕಷ್ಟವಿಲ್ಲ, ಕಾರಣ ಕಣ್ಣೆದುರೇ ಇರುತ್ತದೆ. ತಲೆ ತಿನ್ನುವುದು ಆಗಾಗ ಬಂದು ಹೋಗುವ ಕಾಯಿಲೆ. ಹತ್ತು ನಿಮಿಷ ಪುಟ ತೆರೆಯುವುದಿಲ್ಲ. ಯಾರೋ ವಾಟ್ಸಾಪ್ ಗುಂಪಿನಲ್ಲಿ ದೂರುತ್ತಾರೆ. ಸ್ವಯಂಸೇವಕರು ಲ್ಯಾಪ್‌ಟಾಪ್ ತೆರೆದು ಲಾಗಿನ್ ಆಗುವಷ್ಟರಲ್ಲಿ ಎಲ್ಲ ಸರಿಹೋಗಿರುತ್ತದೆ. ಡಾಕ್ಟರ ಮುಂದೆ ಕೂತ ಕೂಡಲೇ ಮಾಯವಾಗುವ ಹಲ್ಲುನೋವಿನ ಹಾಗೆ.

ಮಹಾರಾಷ್ಟ್ರದ ಒಂದು ನಗರದ ಕನ್ನಡ ಸಂಘದ ತಾಣಕ್ಕೆ ಒಂದು ಅಕ್ಟೋಬರ್‌ನಲ್ಲಿ ಹೀಗೇ ಆಯಿತು. ರಾಜ್ಯೋತ್ಸವದ ಊಟದ ನೋಂದಣಿ ನಡೆಯುತ್ತಿತ್ತು. ಕೆಲವು ಮನೆಯವರು ಯುಪಿಐ ಮೂಲಕ ಹಣ ಕಟ್ಟಿದರು, ಖಾತೆಯಿಂದ ಹಣವೂ ಹೋಯಿತು, ಆದರೆ ನೋಂದಣಿ ಪಟ್ಟಿಯಲ್ಲಿ ಅವರ ಹೆಸರಿಲ್ಲ. "ದುಡ್ಡು ತಗೊಂಡು ಹೆಸರು ಬಿಟ್ಟಿದ್ದೀರಲ್ಲ" ಎಂದು ಹಿರಿಯರೊಬ್ಬರು ಖಜಾಂಚಿಯವರನ್ನೇ ಕೇಳಿದರು. ಸಮಿತಿಯಲ್ಲಿ ಬಂದ ಪರಿಹಾರ ಒಂದೇ: ದುಪ್ಪಟ್ಟು ದೊಡ್ಡ ಸರ್ವರ್ ತೆಗೆದುಕೊಳ್ಳೋಣ. ಬಾಡಿಗೆಯೂ ದುಪ್ಪಟ್ಟು, ಅದೂ ಸದಸ್ಯರ ಚಂದಾ ಹಣದಿಂದ. ಅದಕ್ಕೆ ಮೊದಲು ಒಂದು ವಾರ ಕಾರಣ ಹುಡುಕುತ್ತೇವೆ ಎಂದು ಕೇಳಿಕೊಂಡು ನಾವಿಬ್ಬರು ಕೂತೆವು. ಆ ವಾರ ಕಂಡದ್ದು ಇಂಥ ತಾಣ ನಡೆಸುವ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಲೋಡ್ ಎಂದರೆ ಸಾಲು

ಲಿನಕ್ಸ್ ಸರ್ವರಿನಲ್ಲಿ 'ಅಪ್‌ಟೈಮ್' ಎಂಬ ಆಜ್ಞೆ ಕೊಟ್ಟರೆ ಕೊನೆಯಲ್ಲಿ ಮೂರು ಅಂಕಿಗಳು ಬರುತ್ತವೆ. ಕಳೆದ 1, 5 ಮತ್ತು 15 ನಿಮಿಷಗಳ ಸರಾಸರಿ ಲೋಡ್ ಅದು. 38, 22, 9 ಎಂದಿದ್ದರೆ ಒತ್ತಡ ಏರುತ್ತಿದೆ ಎಂದರ್ಥ. 3, 18, 20 ಎಂದಿದ್ದರೆ ಬಂದದ್ದು ಇಳಿಯುತ್ತಿದೆ. ಈ ಅಂಕಿ ಶೇಕಡಾವಾರು ಅಲ್ಲ, ಸಾಲಿನ ಉದ್ದ.

ಉಡುಪಿ ಹೋಟೆಲಿನ ಅಡುಗೆಮನೆಯನ್ನು ನೆನಪಿಸಿಕೊಳ್ಳಿ. ಎರಡು ದೋಸೆ ಕಾವಲಿಗಳಿವೆ, ಅವೇ ಪ್ರಾಸೆಸರ್. ಒಂದು ಕಾವಲಿಯಲ್ಲಿ ಒಮ್ಮೆಗೆ ಒಂದೇ ದೋಸೆ ಎಂದುಕೊಳ್ಳಿ. ಬೇಯುತ್ತಿರುವ ದೋಸೆ ಮತ್ತು ಸರದಿಯಲ್ಲಿರುವ ಆರ್ಡರ್ ಎರಡನ್ನೂ ಕೂಡಿಸಿದರೆ ಲೋಡ್ ಸಿಗುತ್ತದೆ. ಲೋಡ್ 2 ಇದ್ದರೆ ಕೈತುಂಬ ಕೆಲಸ, ಆದರೆ ಯಾರೂ ಕಾಯುತ್ತಿಲ್ಲ. 10 ಇದ್ದರೆ ಎಂಟು ಆರ್ಡರ್ ಕಾಯುತ್ತಿವೆ.

ಲಿನಕ್ಸ್‌ನಲ್ಲಿ ಇನ್ನೊಂದು ವಿಶೇಷವಿದೆ. 1993ರಲ್ಲಿ ಮಾಡಿದ ಒಂದು ತಿದ್ದುಪಡಿಯಿಂದ, ಪ್ರಾಸೆಸರಿಗಾಗಿ ಕಾಯುವ ಕೆಲಸಗಳ ಜೊತೆಗೆ ಡಿಸ್ಕಿಗಾಗಿ ಕಾಯುತ್ತಿರುವ ಕೆಲಸಗಳೂ ಈ ಲೆಕ್ಕಕ್ಕೆ ಸೇರಿದವು. ಆ ತಿದ್ದುಪಡಿಯ ಮೂಲವನ್ನು ಬ್ರೆಂಡನ್ ಗ್ರೆಗ್ 2017ರಲ್ಲಿ ಹಳೆಯ ಕಡತಗಳಿಂದ ಹುಡುಕಿ ತೆಗೆದು ಬರೆದಿದ್ದಾರೆ. ಅಂದರೆ ಹಿಟ್ಟು ರುಬ್ಬುವುದು ತಡವಾಗಿ ಕಾವಲಿ ಖಾಲಿ ಬಿದ್ದಿದ್ದರೂ ಲೋಡ್ ಏರುತ್ತದೆ. ಆಗ ಇನ್ನೆರಡು ಕಾವಲಿ ತಂದಿಟ್ಟರೆ ಖಾಲಿ ಕಾವಲಿಗಳು ನಾಲ್ಕಾಗುತ್ತವೆ, ದೋಸೆ ಮಾತ್ರ ಬರುವುದಿಲ್ಲ.

ಆದ್ದರಿಂದ ಲೋಡ್ ನೋಡಿ ಅಲ್ಲಿಗೇ ನಿಲ್ಲಬಾರದು. 'ಟಾಪ್' ಪರದೆಯ ಸಿಪಿಯು ಸಾಲನ್ನು ಓದಬೇಕು. ಅಲ್ಲಿ 'ಯುಎಸ್' ಹೆಚ್ಚಿದ್ದರೆ ನಮ್ಮದೇ ಪ್ರೋಗ್ರಾಮುಗಳು ದುಡಿಯುತ್ತಿವೆ. 'ಡಬ್ಲ್ಯುಎ' ಹೆಚ್ಚಿದ್ದರೆ ಡಿಸ್ಕಿಗಾಗಿ ಕಾಯುತ್ತಿವೆ. 'ಎಸ್‌ಟಿ' ಎಂಬುದು ವಿಪಿಎಸ್‌ನವರು ವಿಶೇಷವಾಗಿ ಗಮನಿಸಬೇಕಾದ ಅಂಕಿ. ವಿಪಿಎಸ್ ಅಪಾರ್ಟ್‌ಮೆಂಟಿನ ಒಂದು ಫ್ಲಾಟ್ ಇದ್ದ ಹಾಗೆ. ನಲ್ಲಿ ನಮ್ಮದಾದರೂ ಮೇಲಿನ ಟ್ಯಾಂಕು ಎಲ್ಲರದ್ದು. ನಮ್ಮ ಸರ್ವರ್ ಪ್ರಾಸೆಸರ್ ಕೇಳಿದಾಗ ಅದನ್ನು ಅಕ್ಕಪಕ್ಕದ ಫ್ಲಾಟಿಗೆ ಕೊಟ್ಟು ನಮ್ಮನ್ನು ಕಾಯಿಸಿದ ಸಮಯವೇ 'ಎಸ್‌ಟಿ'. ಅದು ಸದಾ ಶೇಕಡಾ ಹತ್ತನ್ನು ಮೀರುತ್ತಿದ್ದರೆ ನಮ್ಮ ತಾಣದಲ್ಲಿ ಎಷ್ಟು ಹುಡುಕಿದರೂ ಪ್ರಯೋಜನವಿಲ್ಲ, ಬಾಡಿಗೆ ಕೊಟ್ಟವರನ್ನು ಕೇಳಬೇಕು.

ನಾವಿಲ್ಲದಾಗ ನೋಡುವ ಸಾಕ್ಷಿ

ಇದೆಲ್ಲ ತೊಂದರೆ ನಡೆಯುತ್ತಿರುವಾಗ ನೋಡಿದರೆ ಸರಿ. ಬಂದು ಹೋದ ಮೇಲೆ? ಮೊದಲ ದಿನ ನಾವು ಏನನ್ನೂ ರಿಪೇರಿ ಮಾಡಲಿಲ್ಲ, ಎರಡು ಸಾಕ್ಷಿಗಳನ್ನು ಕೂರಿಸಿದೆವು.

ಒಂದು, 'ಸಿಸ್‌ಸ್ಟಾಟ್' ಎಂಬ ಉಚಿತ ತಂತ್ರಾಂಶ. ಅದು ಪ್ರಾಸೆಸರ್, ಮೆಮೊರಿ, ಡಿಸ್ಕುಗಳ ಸ್ಥಿತಿಯನ್ನು ಬರೆದಿಡುತ್ತದೆ. 'ಸಾರ್' ಆಜ್ಞೆಯಿಂದ ನಿನ್ನೆಯದನ್ನೂ ಮೊನ್ನೆಯದನ್ನೂ ಓದಬಹುದು. ಸಾಮಾನ್ಯವಾಗಿ ಅದು ಹತ್ತು ನಿಮಿಷಕ್ಕೊಮ್ಮೆ ಬರೆಯುತ್ತದೆ. ಐದು ನಿಮಿಷದ ಏದುಸಿರು ಹತ್ತು ನಿಮಿಷದ ಸರಾಸರಿಯಲ್ಲಿ ಕರಗಿಹೋಗುತ್ತದೆ, ಆದ್ದರಿಂದ ಒಂದು ನಿಮಿಷಕ್ಕೆ ಇಳಿಸಿದೆವು.

ಎರಡು, ನಾಲ್ಕು ಸಾಲಿನ ಒಂದು ಸ್ಕ್ರಿಪ್ಟ್. ನಿಮಿಷಕ್ಕೊಮ್ಮೆ ಲೋಡ್ ನೋಡುವುದು, 6 ದಾಟಿದ್ದರೆ ಆ ಕ್ಷಣ ಓಡುತ್ತಿರುವ ಕೆಲಸಗಳ ಪಟ್ಟಿ, ಯಾವುದು ಎಷ್ಟು ಮೆಮೊರಿ ಹಿಡಿದಿದೆ, ಡೇಟಾಬೇಸಿನಲ್ಲಿ ಯಾವ ಪ್ರಶ್ನೆಗಳು ಕಾಯುತ್ತಿವೆ ಎಂಬುದನ್ನು ಒಂದು ಫೈಲಿಗೆ ಬರೆದಿಡುವುದು, ಅಷ್ಟೇ. ಇಂಥ ಫೈಲು ಇಲ್ಲದೆ ಆಡುವ ಮಾತೆಲ್ಲ ಊಹೆ. ಕೆಲವರು ಈ ಹಂತದಲ್ಲಿ ಸರ್ವರನ್ನು ರೀಸ್ಟಾರ್ಟ್ ಮಾಡುತ್ತಾರೆ. ತೊಂದರೆ ಆ ಹೊತ್ತಿಗೆ ಹೋಗುತ್ತದೆ, ಜೊತೆಗೆ ಅದು ಯಾಕೆ ಬಂತೆಂದು ಹೇಳಬಲ್ಲ ಕುರುಹೂ ಹೋಗುತ್ತದೆ.

11.55ರ ಗುಟ್ಟು

ಐದು ದಿನದ ದಾಖಲೆ ಸಿಕ್ಕಿತು. ಎರಡು ದಿನ ಲೋಡ್ 40ರ ಹತ್ತಿರ ಹೋಗಿತ್ತು, ಉಳಿದ ಮೂರು ದಿನ 3ನ್ನು ದಾಟಿರಲಿಲ್ಲ. ಆದರೆ ಐದೂ ದಿನ ಸಣ್ಣದೋ ದೊಡ್ಡದೋ ಒಂದು ಏರಿಕೆ ಒಂದೇ ಹೊತ್ತಿಗೆ ಶುರುವಾಗಿತ್ತು: ಬೆಳಿಗ್ಗೆ 11.55.

ಸರ್ವರಿನ ಗಡಿಯಾರ ನೋಡಿದ ಮೇಲೆ ವಿಷಯ ತಿಳಿಯಿತು. ಬಾಡಿಗೆ ಸರ್ವರುಗಳು ಬಹುತೇಕ ಯುಟಿಸಿ ಸಮಯದಲ್ಲಿ ನಡೆಯುತ್ತವೆ, ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ 'ದಿನಕ್ಕೊಮ್ಮೆ' ಎಂದು ಬರೆದಿಟ್ಟ ಕೆಲಸಗಳು 6.25ಕ್ಕೆ ಶುರುವಾಗುತ್ತವೆ. ಎಲ್ಲರೂ ಮಲಗಿರುವ ನಸುಕು ಎಂಬ ಲೆಕ್ಕ. ಯುಟಿಸಿಯ 6.25 ಎಂದರೆ ನಮ್ಮಲ್ಲಿ 11.55. ಊಟಕ್ಕೆ ಏಳುವ ಮೊದಲು ಆಫೀಸಿನವರು ಫೋನ್ ತೆಗೆದು "ಅದೊಂದು ನೋಂದಣಿ ಮುಗಿಸಿಬಿಡೋಣ" ಎನ್ನುವ ಹೊತ್ತು. ಸಂಘದ ತಾಣದ ಬ್ಯಾಕಪ್ ಆ ದಿನನಿತ್ಯದ ಪಟ್ಟಿಯಲ್ಲೇ ಇತ್ತು.

ಹಾಗಿದ್ದರೆ ದಿನಾ ಯಾಕೆ ತೊಂದರೆಯಾಗಲಿಲ್ಲ? ಇದೇ ಮುಖ್ಯ ಪ್ರಶ್ನೆ. ಉತ್ತರ ವೆಬ್ ಸರ್ವರಿನ ದಾಖಲೆಯಲ್ಲಿತ್ತು. ಕೆಟ್ಟ ಎರಡು ದಿನಗಳಲ್ಲಿ ಅದೇ ಹೊತ್ತಿಗೆ ಹುಡುಕುತಾಣಗಳ ಮತ್ತು ಎಐ ಕಂಪನಿಗಳ ಬಾಟ್‌ಗಳು ತಾಣದ ಕಾರ್ಯಕ್ರಮ ಕ್ಯಾಲೆಂಡರನ್ನು ಹೊಕ್ಕಿದ್ದವು. ಆ ಕ್ಯಾಲೆಂಡರಿನಲ್ಲಿ 'ಮುಂದಿನ ತಿಂಗಳು' ಎಂಬ ಕೊಂಡಿಗೆ ಕೊನೆಯಿಲ್ಲ. ಬಾಟ್‌ಗಳು ಒಂದೊಂದೇ ತಿಂಗಳು ಒತ್ತುತ್ತ 2041ರ ಮಾರ್ಚ್‌ಗೆ ಬಂದಿದ್ದವು. ಆ ತಿಂಗಳು ಸಂಘದಲ್ಲಿ ಏನು ಕಾರ್ಯಕ್ರಮವಿದೆ ಎಂದು ಡೇಟಾಬೇಸ್ ಪಾಪ ಪ್ರತಿ ಸಲವೂ ಹುಡುಕಿ "ಏನೂ ಇಲ್ಲ" ಎನ್ನುತ್ತಿತ್ತು.

ಕೊಂಡಿ ಕೊಂಡಿಯಾಗಿ

ಬ್ಯಾಕಪ್ ಮೊದಲು 'ಮೈಎಸ್‌ಕ್ಯೂಎಲ್‌ಡಂಪ್' ಮೂಲಕ ಡೇಟಾಬೇಸಿನ ಪ್ರತಿ ತೆಗೆಯುತ್ತದೆ. ಬೇರೆ ಸೂಚನೆ ಕೊಡದಿದ್ದರೆ ಅದು ಪ್ರತಿ ಮುಗಿಯುವವರೆಗೆ ಟೇಬಲ್ಲುಗಳಿಗೆ ಬೀಗ ಹಾಕುತ್ತದೆ. ಓದಬಹುದು, ಬರೆಯುವಂತಿಲ್ಲ. ತಾಣದಲ್ಲಿ 'ಈ ಪುಟ ಇಷ್ಟು ಸಲ ಓದಲಾಗಿದೆ' ಎಂದು ಎಣಿಸುವ ಒಂದು ಪ್ಲಗಿನ್ ಇತ್ತು, ಅದು ಪ್ರತಿ ಭೇಟಿಗೂ ಡೇಟಾಬೇಸಿಗೆ ಒಂದು ಅಂಕಿ ಬರೆಯುತ್ತದೆ. ಬೀಗ ಬಿದ್ದಾಗ ಪ್ರತಿ ಭೇಟಿಯೂ ಬಾಗಿಲಲ್ಲಿ ನಿಂತಿತು. ಬಾಟ್ ಇಲ್ಲದ ದಿನ ಐದಾರು ಜನ ನಿಂತು ಒಳಗೆ ಹೋದರು, ಯಾರಿಗೂ ಗೊತ್ತಾಗಲಿಲ್ಲ. ಬಾಟ್ ಬಂದ ದಿನ ಐವತ್ತು ಭೇಟಿಗಳು ನಿಂತವು.

ಈಗ ಮೆಮೊರಿಯ ಲೆಕ್ಕ. ಸರ್ವರಿನಲ್ಲಿ 4 ಜಿಬಿ ಮೆಮೊರಿ ಇತ್ತು. ಡೇಟಾಬೇಸಿಗೂ ಉಳಿದ ವ್ಯವಸ್ಥೆಗೂ ಸುಮಾರು ಒಂದೂವರೆ ಜಿಬಿ ಹೋದರೆ ಪಿಎಚ್‌ಪಿಗೆ ಎರಡೂವರೆ ಜಿಬಿ ಉಳಿಯುತ್ತದೆ. ಒಂದು ಪಿಎಚ್‌ಪಿ ಪ್ರಕ್ರಿಯೆ ಸುಮಾರು 80 ಎಂಬಿ ತಿನ್ನುತ್ತಿತ್ತು. ಒಮ್ಮೆಗೆ 50 ಪ್ರಕ್ರಿಯೆಗಳಿಗೆ ಅನುಮತಿ ಕೊಡಲಾಗಿತ್ತು, ಅಂದರೆ 4000 ಎಂಬಿ. ಮೆಮೊರಿ ಸಾಲದೆ ಸರ್ವರ್ ಡಿಸ್ಕಿನ ಸ್ವಾಪ್ ಜಾಗಕ್ಕೆ ಮೊರೆಹೋಯಿತು. ಡಿಸ್ಕ್ ಮೆಮೊರಿಗಿಂತ ಎಷ್ಟೋ ಪಟ್ಟು ನಿಧಾನ. ಅದೇ ಹೊತ್ತಿಗೆ ಬ್ಯಾಕಪ್‌ನ ಎರಡನೇ ಭಾಗ ಇಪ್ಪತ್ತು ವರ್ಷಗಳ ಫೋಟೊಗಳನ್ನೆಲ್ಲ ಓದಿ ಜಿಪ್ ಮಾಡತೊಡಗಿತ್ತು. ಎಲ್ಲವೂ ಡಿಸ್ಕಿಗಾಗಿ ಸಾಲು ನಿಂತವು. ಪ್ರಾಸೆಸರ್ ಬಹುಪಾಲು ಸುಮ್ಮನಿತ್ತು, ಲೋಡ್ 40 ಆಗಿತ್ತು.

ಹಣ ಕಟ್ಟಿದವರ ಹೆಸರು ಬಿಟ್ಟುಹೋದದ್ದೂ ಇಲ್ಲೇ. ಹಣ ಪಾವತಿ ಬ್ಯಾಂಕಿನ ವ್ಯವಸ್ಥೆಯಲ್ಲಿ ನಡೆಯಿತು, ಅಲ್ಲಿ ಏನೂ ತೊಂದರೆಯಿಲ್ಲ. ಆಮೇಲೆ ನೋಂದಣಿ ಬರೆಯಲು ತಾಣಕ್ಕೆ ಮರಳಿದಾಗ ಬೀಗ ಬಿದ್ದಿತ್ತು, ಕಾದು ಕಾದು ಪುಟ ಕೈಬಿಟ್ಟಿತು.

ಬಿಡಿಯಾಗಿ ನೋಡಿದರೆ ಇದರಲ್ಲಿ ಯಾವುದೂ ದೊಡ್ಡ ದೋಷವಲ್ಲ. ಬ್ಯಾಕಪ್ ಬೇಕೇ ಬೇಕು, ಬಾಟ್ ಬಂದರೇನೇ ಹುಡುಕಾಟದಲ್ಲಿ ನಮ್ಮ ತಾಣ ಸಿಗುವುದು. ಆಗಾಗ ಬರುವ ತೊಂದರೆಗಳು ಹೀಗೇ. ಎರಡು ಮೂರು ಸಾಧಾರಣ ಸಂಗತಿಗಳು ಒಂದೇ ಹೊತ್ತಿಗೆ ಕೂಡಿದ ದಿನ ಮಾತ್ರ ಕಾಣಿಸಿಕೊಳ್ಳುತ್ತವೆ. ಒಂದೇ ಅಪರಾಧಿಯನ್ನು ಹುಡುಕುತ್ತ ಹೋದರೆ ಸಿಗುವುದಿಲ್ಲ.

ಮದ್ದು

ಮಾಡಿದ್ದು ಒಂದು ಸಂಜೆಯ ಕೆಲಸ. ಬ್ಯಾಕಪನ್ನು ಯುಟಿಸಿ 21.30ಕ್ಕೆ, ಅಂದರೆ ನಮ್ಮ ರಾತ್ರಿ ಮೂರು ಗಂಟೆಗೆ ಸರಿಸಿದೆವು. ಡೇಟಾಬೇಸಿನ ಪ್ರತಿ ತೆಗೆಯುವಾಗ 'ಸಿಂಗಲ್ ಟ್ರಾನ್ಸಾಕ್ಷನ್' ಆಯ್ಕೆ ಸೇರಿಸಿದೆವು. ಇನ್ನೊಡಿಬಿ ಟೇಬಲ್ಲುಗಳಿಗೆ ಆಗ ಬೀಗ ಬೇಕಾಗುವುದಿಲ್ಲ. ಜೆಪೆಗ್ ಫೋಟೊ ಮೊದಲೇ ಕುಗ್ಗಿಸಿದ ಫೈಲು, ಮತ್ತೆ ಜಿಪ್ ಮಾಡಿದರೆ ಪ್ರಾಸೆಸರ್ ಸವೆಯುತ್ತದೆಯೇ ಹೊರತು ಜಾಗ ಉಳಿಯುವುದಿಲ್ಲ. 'ಆರ್‌ಸಿಂಕ್' ಬಳಸಿ ಹೊಸ ಫೋಟೊಗಳನ್ನಷ್ಟೇ ನಕಲಿಸುವಂತೆ ಮಾಡಿದೆವು. ಪಿಎಚ್‌ಪಿ ಪ್ರಕ್ರಿಯೆಗಳ ಮಿತಿಯನ್ನು 50ರಿಂದ 25ಕ್ಕೆ ಇಳಿಸಿದೆವು. ಮಿತಿ ಇಳಿಸಿದರೆ ತಾಣ ನಿಧಾನವಾಗುತ್ತದೆ ಎಂದು ಹೆದರುವವರುಂಟು. ಇಪ್ಪತ್ತಾರನೆಯವರು ಎರಡು ಸೆಕೆಂಡು ಹೊರಗೆ ಕಾಯುವುದು, ಎಲ್ಲರೂ ಒಳಗೆ ನುಗ್ಗಿ ಹತ್ತು ನಿಮಿಷ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಎಷ್ಟೋ ಮೇಲು. ಎಣಿಕೆಯ ಪ್ಲಗಿನ್ ತೆಗೆದೆವು. ಕ್ಯಾಲೆಂಡರಿಗೆ ಒಂದು ವರ್ಷದ ಗಡಿ ಹಾಕಿ, ಆ ಪುಟಗಳಿಗೆ ಬರಬೇಡಿ ಎಂದು ರೋಬೋಟ್ಸ್ ಫೈಲಿನಲ್ಲಿ ಬರೆದೆವು. ಆ ಸೂಚನೆಯನ್ನು ಎಲ್ಲ ಬಾಟ್‌ಗಳೂ ಪಾಲಿಸುವುದಿಲ್ಲ, ಹಾಗಾಗಿ ಒಂದೇ ವಿಳಾಸದಿಂದ ಬರುವ ಭೇಟಿಗಳ ವೇಗಕ್ಕೆ ವೆಬ್ ಸರ್ವರಿನಲ್ಲೂ ಮಿತಿ ಇಟ್ಟೆವು.

ಮರುದಿನದಿಂದ 11.55ರ ಏರಿಕೆ ಕಾಣಲಿಲ್ಲ. ಸರ್ವರ್ ಅದೇ, ಬಾಡಿಗೆಯೂ ಅದೇ.

ದೊಡ್ಡ ಸರ್ವರ್ ಯಾವಾಗಲೂ ದಂಡ ಎಂದು ಇದರ ಅರ್ಥವಲ್ಲ. 'ಸಾರ್' ದಾಖಲೆಯಲ್ಲಿ ಸಾಮಾನ್ಯ ಹೊತ್ತಿನಲ್ಲೂ ಮೆಮೊರಿ ತುಂಬಿಯೇ ಇದ್ದರೆ, ಅಥವಾ 'ಯುಎಸ್' ಗಂಟೆಗಟ್ಟಲೆ ಮೇಲೇ ಇದ್ದರೆ, ತಾಣ ನಿಜಕ್ಕೂ ಬೆಳೆದಿದೆ, ಜಾಗ ಬೇಕು. ಆಗ ಸಮಿತಿಯ ಮುಂದೆ ಆ ದಾಖಲೆಯನ್ನೇ ಇಟ್ಟು ಹಣ ಕೇಳಬಹುದು.

ಕೊನೆಗೆ ಖಜಾಂಚಿಗಳಿಗೊಂದು ಮಾತು. ಸರ್ವರ್ ಎಷ್ಟೇ ಗಟ್ಟಿಯಿರಲಿ, ಪಾವತಿ ಸೇವೆಯವರ ಪಟ್ಟಿಯನ್ನೂ ತಾಣದ ನೋಂದಣಿ ಪಟ್ಟಿಯನ್ನೂ ದಿನಕ್ಕೊಮ್ಮೆ ಅಕ್ಕಪಕ್ಕ ಇಟ್ಟು ತಾಳೆ ನೋಡಿ. ಹಣ ಬಂದು ಹೆಸರು ಬರದಿದ್ದರೆ ಅವರು ಫೋನ್ ಮಾಡುವ ಮೊದಲೇ ನೀವು ಮಾಡಬಹುದು.