ಜೀಪಿಗೆ ಸರ್ವಿಸ್ ಆಯಿತು, ಚಾಲಕನಿಗೆ?

ಕೊಯ್ಲು ಹತ್ತಿರವಾದಂತೆ ಜೀಪು, ಪಿಕಪ್‌ಗಳ ಬ್ರೇಕು, ಟಯರು, ಆಯಿಲ್ ನೋಡಿಸುವುದು ನಮ್ಮೆಲ್ಲರ ವಾಡಿಕೆ. ಅದನ್ನು ಓಡಿಸುವವನ ರಕ್ತದೊತ್ತಡ ನೋಡಿಸಿದ ಬೆಳೆಗಾರರು ನಮ್ಮಲ್ಲಿ ಎಷ್ಟು ಮಂದಿಯೋ! 2024ರ ನವೆಂಬರ್‌ನಲ್ಲಿ ನೆಲಮಂಗಲದ ಕಡೆ ಬಿ.ಎಂ.ಟಿ.ಸಿ. ಚಾಲಕರೊಬ್ಬರು ಬಸ್ಸು ಓಡಿಸುತ್ತಿರುವಾಗಲೇ ಹೃದಯಾಘಾತದಿಂದ ಕುಸಿದು ತೀರಿಕೊಂಡರು. ನಿರ್ವಾಹಕರು ನುಗ್ಗಿ ಬಸ್ಸು ನಿಲ್ಲಿಸಿದ್ದರಿಂದ ದೊಡ್ಡ ಅನಾಹುತ ತಪ್ಪಿತು. ಅದು ಬಯಲುಸೀಮೆಯ ರಸ್ತೆ. ಚಾರ್ಮಾಡಿಯ ತಿರುವಿನಲ್ಲಿ, ಹಿಂದೆ ಆಳುಗಳನ್ನು ಕೂರಿಸಿಕೊಂಡ ಜೀಪಿನಲ್ಲಿ ಹಾಗಾದರೆ ಸ್ಟಿಯರಿಂಗ್ ಹಿಡಿಯುವವರು ಯಾರು?

ಕಾನೂನು ಇದೆ. ಸಾರಿಗೆ ವಾಹನ ಓಡಿಸುವವರೂ 40 ದಾಟಿದವರೂ ಲೈಸೆನ್ಸಿಗೆ ನಮೂನೆ 1-ಎ ವೈದ್ಯಕೀಯ ಪತ್ರ ಕೊಡಬೇಕು. ಆದರೆ 2019ರ ತಿದ್ದುಪಡಿಯಿಂದ ಸಾರಿಗೆ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಐವತ್ತು ದಾಟಿದ ದೇಹಕ್ಕೆ ಐದು ವರ್ಷ ಬಹಳ ದೀರ್ಘ.

ಚಾಲಕ ಕಾಯಿಲೆ ಮುಚ್ಚಿಡುವುದಕ್ಕೆ ಕಾರಣವುಂಟು. ಹೇಳಿದರೆ ಜೀಪು ಬೇರೆಯವನ ಕೈಗೆ ಹೋಗುತ್ತದೆ. ಇನ್ನೊಂದು ಸಂಗತಿ ಸದಸ್ಯರ ಗಮನಕ್ಕೆ ಬಂದಿರಲಿಕ್ಕಿಲ್ಲ. ರಕ್ತದೊತ್ತಡದ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸುತ್ತವೆ. ಘಾಟಿಯಲ್ಲಿ ಪದೇಪದೇ ಗಾಡಿ ನಿಲ್ಲಿಸುವುದೆಂತು ಎಂದು ಲೋಡು ಇರುವ ದಿನವೇ ಮಾತ್ರೆ ಬಿಡುವವರಿದ್ದಾರೆ. ಹೊತ್ತು ಬದಲಿಸಬಹುದೇ, ಬೇರೆ ಮಾತ್ರೆ ಇದೆಯೇ ಎಂದು ವೈದ್ಯರನ್ನು ಕೇಳಿದರೆ ದಾರಿ ಸಿಕ್ಕೀತು.

ಹೃದಯಾಘಾತವಾದವನು ಮತ್ತೆಂದೂ ಸ್ಟಿಯರಿಂಗ್ ಮುಟ್ಟಬಾರದೆಂದೇನಿಲ್ಲ. ಬ್ರಿಟನ್ನಿನಲ್ಲಿ ಬಸ್ಸು, ಲಾರಿ ಚಾಲಕರನ್ನು ಕನಿಷ್ಠ 6 ವಾರ ದೂರವಿರಿಸಿ, ಶ್ರಮದ ಪರೀಕ್ಷೆಯಲ್ಲಿ ಗೆದ್ದರೆ ಮರಳಿ ಬಿಡುತ್ತಾರೆ. ಅಷ್ಟು ದಿನ ಅದೇ ಸಂಬಳಕ್ಕೆ ಕಣದಲ್ಲೋ ಗೋದಾಮಿನಲ್ಲೋ ಕೆಲಸ ಕೊಡುವುದು ನಮಗೆ ಭಾರವೇನಲ್ಲ.

ಎದೆ ಬಿಗಿತ, ದವಡೆಗೋ ಎಡಗೈಗೋ ಹರಡುವ ನೋವು, ತಣ್ಣನೆ ಬೆವರು ಬಂದಾಗ 'ಗ್ಯಾಸು' ಎಂದು ಸೋಡಾ ಕುಡಿದು ಮುಂದೆ ಹೋಗಬಾರದು. ಗಾಡಿ ಬದಿಗೆ ಹಾಕಬೇಕು. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದೆ ಬರೀ ಉಬ್ಬಸ, ಸುಸ್ತು ಇರಬಹುದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ಮಾಡಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಆದ್ದರಿಂದ ಮೊದಲು ಅಲ್ಲಿಗೇ ಒಯ್ಯಬೇಕು, ಬೇರೆಯವರು ಓಡಿಸಿಕೊಂಡು.

ಕೊಯ್ಲಿಗೆ ಮುಂಚೆ ಚಾಲಕರ ಬಿ.ಪಿ., ಸಕ್ಕರೆ, ಇ.ಸಿ.ಜಿ. ಪರೀಕ್ಷೆಯ ಖರ್ಚನ್ನು ಸಂಘವೇ ಭರಿಸುವ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸಲಿದ್ದೇವೆ. ಅರವತ್ತು ದಾಟಿಯೂ ತಮ್ಮ ಜೀಪನ್ನು ತಾವೇ ಓಡಿಸುವ ಸದಸ್ಯರ ಹೆಸರೂ ಆ ಪಟ್ಟಿಯಲ್ಲಿರುತ್ತದೆ, ಬೇಸರಿಸಬಾರದು.