ಇಂಡೆಂಟ್‌ಗೆ ರುಜು ಹಾಕುವವರು ಯಾರು?

ಬಳ್ಳಾರಿ ಜಿಲ್ಲೆಯ ಆರೋಗ್ಯ ವ್ಯವಸ್ಥೆ ನಿಂತಿರುವುದೇ ಹೆಣ್ಣುಮಕ್ಕಳ ದುಡಿಮೆಯ ಮೇಲೆ. ಸಿರುಗುಪ್ಪ ತಾಲ್ಲೂಕಿನ ಹಳ್ಳಿಯಲ್ಲಿ ಗರ್ಭಿಣಿಯರ ಹೆಸರು ಬರೆದುಕೊಳ್ಳುವುದು ಆಶಾ ಕಾರ್ಯಕರ್ತೆ, ಚುಚ್ಚುಮದ್ದು ಹಾಕುವುದು ಎಎನ್‌ಎಂ, ನಡುರಾತ್ರಿ ಲೇಬರ್ ವಾರ್ಡಿನಲ್ಲಿ ನಿಲ್ಲುವುದು ಸ್ಟಾಫ್ ನರ್ಸ್. ಆದರೆ ಔಷಧಿ ಬೇಡಿಕೆಯ ಇಂಡೆಂಟ್‌ಗೆ ರುಜು ಹಾಕುವುದು, ಡ್ಯೂಟಿ ಪಟ್ಟಿ ಮಾಡುವುದು, ಆರೋಗ್ಯ ರಕ್ಷಾ ಸಮಿತಿಯ ದುಡ್ಡು ಯಾವುದಕ್ಕೆ ಹೋಗಬೇಕೆಂದು ಹೇಳುವುದು ಬೇರೆಯೇ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯ ಪ್ರಕಾರ ಜಗತ್ತಿನ ಆರೋಗ್ಯ ಸಿಬ್ಬಂದಿಯಲ್ಲಿ ಮಹಿಳೆಯರು ಶೇ 70, ಉನ್ನತ ಹುದ್ದೆಗಳಲ್ಲಿ ಶೇ 25 ಮಾತ್ರ.

ಕಾಲ ಸರಿದಂತೆ ಎಲ್ಲ ತಾನಾಗಿ ಸರಿಹೋಗುತ್ತದೆ, ಮೆಡಿಕಲ್ ಕಾಲೇಜುಗಳ ತುಂಬ ಈಗ ಹುಡುಗಿಯರೇ ಇದ್ದಾರಲ್ಲ ಎನ್ನುವವರಿದ್ದಾರೆ. ಆದರೆ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಶುರುವಾದಾಗ ಮೊದಲ ಕುಲಪತಿ ಡಾ. ಎಸ್. ಕಾಂತಾ. ಆನಂತರದ ದಶಕಗಳಲ್ಲಿ ಆ ಕುರ್ಚಿ ಬಹುತೇಕ ಪುರುಷರ ಪಾಲಾಯಿತು. ನಿಮ್ಹಾನ್ಸ್‌ಗೆ ಡಾ. ಗೌರಿದೇವಿ ನಿರ್ದೇಶಕಿಯಾಗಿದ್ದರು, 2021ರಲ್ಲಿ ಡಾ. ಪ್ರತಿಮಾ ಮೂರ್ತಿ ಬರುವ ಹೊತ್ತಿಗೆ ನಡುವೆ ವರ್ಷಗಳೇ ಉರುಳಿದ್ದವು. ಬಾಗಿಲು ಒಮ್ಮೆ ತೆರೆದರೆ ತೆರೆದೇ ಇರುತ್ತದೆಂಬ ಭರವಸೆ ಇಲ್ಲ.

ಕುರ್ಚಿಯಲ್ಲಿ ಹೆಣ್ಣು ಕೂತರೆ ರೋಗಿಗೇನು ಲಾಭ ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ಸತ್ತಾಗ ಸಂಶಯ ಬಿದ್ದದ್ದು ಐವಿ ದ್ರಾವಣದ ಮೇಲೆ. ಮಹಿಳೆಯೊಬ್ಬರು ಮುಖ್ಯಸ್ಥರಾಗಿದ್ದರೆ ಆ ಬಾಟಲಿ ಶುದ್ಧವಾಗಿರುತ್ತಿತ್ತು ಎಂದರೆ ಅದು ಬರೀ ಭಾವುಕತೆ. ನನ್ನ ವಾದ ಅದಲ್ಲ. ವಾರ್ಡಿನಲ್ಲಿ ಬಾಣಂತಿಗೆ ಚಳಿ ಜ್ವರ ಬಂದದ್ದನ್ನು ಮೊದಲು ಕಾಣುವ ನರ್ಸ್‌ನ ಮಾತು, ದಾಸ್ತಾನು ತಡೆಹಿಡಿಯುವ ಅಧಿಕಾರ ಇರುವವರ ಕಿವಿಗೆ ಬೇಗ ಮುಟ್ಟಬೇಕು. ಆ ವಾರ್ಡಿನ ಅನುಭವ ಇದ್ದವರೂ ತೀರ್ಮಾನದ ಮೇಜಿನಲ್ಲಿರಬೇಕು. ಇದಕ್ಕೆ ಬಳ್ಳಾರಿಯ ಚರಿತ್ರೆಯಲ್ಲೇ ಸಾಕ್ಷಿಯಿದೆ. ಈ ಜಿಲ್ಲೆ 1953ರವರೆಗೆ ಮದ್ರಾಸಿನಲ್ಲಿತ್ತು. ಅಲ್ಲಿನ ವಿಧಾನ ಪರಿಷತ್ತಿನ ಉಪಾಧ್ಯಕ್ಷೆಯಾದ ವೈದ್ಯೆ ಮುತ್ತುಲಕ್ಷ್ಮಿ ರೆಡ್ಡಿ ದೇವದಾಸಿ ಪದ್ಧತಿಯ ವಿರುದ್ಧ ಹೂಡಿದ ಹೋರಾಟ 1947ರಲ್ಲಿ ಕಾನೂನಾಯಿತು, ಬಳ್ಳಾರಿಗೂ ಅನ್ವಯಿಸಿತು. ಪದ್ಧತಿ ಅಳಿಯಲಿಲ್ಲ, 1982ರಲ್ಲಿ ಕರ್ನಾಟಕ ಮತ್ತೆ ಕಾಯ್ದೆ ತರಬೇಕಾಯಿತು, ನಿಜ. ಆದರೂ ಔಷಧಿ ಚೀಟಿಯಿಂದ ಆಗದ ಕೆಲಸಕ್ಕೆ ಅವರು ಕೈಹಾಕಿದ್ದು ಪರಿಷತ್ತಿನಲ್ಲಿ ಜಾಗ ಇದ್ದುದರಿಂದಲೇ.

ಉಳಿದ ಆಕ್ಷೇಪ ಒಂದೇ: ಹುದ್ದೆ ಕೊಟ್ಟರೂ ಹೆಂಗಸರು ಬೇಡ ಅನ್ನುತ್ತಾರೆ. ಅನ್ನಬಹುದು. ಮಗು ಸಣ್ಣದಿರುವಾಗಲೇ ವರ್ಗಾವಣೆ, ಹೊತ್ತಲ್ಲದ ಹೊತ್ತಿನಲ್ಲಿ ತುರ್ತು ಕರೆ, ಗಲಾಟೆಗೆ ಬರುವ ಗುಂಪು ಇವೆಲ್ಲ ಆ ಹುದ್ದೆಯ ಜತೆಗೇ ಬರುತ್ತವೆ. ಕೋಲ್ಕತ್ತದ ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ 2024ರ ಆಗಸ್ಟ್‌ನಲ್ಲಿ ಕರ್ತವ್ಯದಲ್ಲಿದ್ದ ವೈದ್ಯೆಯ ಕೊಲೆಯಾದ ಮೇಲಂತೂ ಈ ಹಿಂಜರಿಕೆಯನ್ನು ಮಹತ್ವಾಕಾಂಕ್ಷೆಯ ಕೊರತೆ ಎಂದು ಕರೆಯುವುದು ಅನ್ಯಾಯ. ಬೆಂಗಳೂರಿನ ದೊಡ್ಡ ಹುದ್ದೆಗಳಿಗೆ ದಾರಿ ಶುರುವಾಗುವುದು ಕುರುಗೋಡಿನ ಸಮುದಾಯ ಆರೋಗ್ಯ ಕೇಂದ್ರ, ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಯಂಥ ಕಡೆಗಳಲ್ಲಿ. ‘ಬೇಡ ಅಂದರು’ ಎಂದು ಕಡತ ಮುಚ್ಚುವ ಮೊದಲು ಆರೋಗ್ಯ ಇಲಾಖೆ ಅಲ್ಲಿ ವಾಸಯೋಗ್ಯ ಕ್ವಾರ್ಟರ್ಸ್, ರಾತ್ರಿ ಕಾವಲು, ಮಗುವನ್ನು ಬಿಡಲು ಒಂದು ಕೋಣೆ ಇವೆಯೇ ನೋಡಲಿ. ಆಡಳಿತ ಹುದ್ದೆಗಳಲ್ಲಿ ಎಷ್ಟು ಮಹಿಳೆಯರಿದ್ದಾರೆಂಬ ತಾಲ್ಲೂಕುವಾರು ಪಟ್ಟಿಯನ್ನು ಪ್ರತಿ ವರ್ಷ ಪ್ರಕಟಿಸಲಿ.